ಗದಗ, ಲಕ್ಕುಂಡಿಯ ಕಲ್ಲುಗಳಿಗೆ ಫಲಕ ಬರೆಯುವವರು ಯಾರು?

ಬೆಟಗೇರಿಯ ಶಿಕ್ಷಕಿ

ಸರ್ಕಾರದ ಸುಪರ್ದಿಯಲ್ಲಿರುವ ಹಳೆಯ ಗುಡಿ, ಬಸದಿ, ಬಾವಿಗಳ ವಿಷಯದಲ್ಲಿ ಗದಗ ಜಿಲ್ಲೆ ಬಡವಾಗಿಲ್ಲ. ನಗರದೊಳಗೇ ತ್ರಿಕೂಟೇಶ್ವರ, ಸರಸ್ವತಿ ಗುಡಿಗಳಿವೆ. ಬೆಟಗೇರಿಯಲ್ಲಿ ವೀರಗಲ್ಲುಗಳಿವೆ. ಬಸ್ ಹತ್ತಿದರೆ ಸ್ವಲ್ಪ ಹೊತ್ತಿನಲ್ಲಿ ಲಕ್ಕುಂಡಿ, ಅತ್ತ ಡಂಬಳ, ಇತ್ತ ಲಕ್ಷ್ಮೇಶ್ವರ, ರೋಣದ ಕಡೆ ಸೂಡಿ. ಹಂಪಿ, ಬಾದಾಮಿಗೆ ಪ್ರವಾಸ ಹೋಗಲು ವರ್ಷವಿಡೀ ದುಡ್ಡು ಕೂಡಿಡುವ ಶಾಲೆಗಳು ಇವನ್ನು ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆಯೊಳಗೆ ನೋಡಿ ಬರಬಹುದು.

ಆದರೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ನನ್ನನ್ನು ಕಾಡುವುದು ಒಂದೇ ಸಂಗತಿ. ಗೇಟಿನ ಬಳಿ ನೀಲಿ ಫಲಕವಿರುತ್ತದೆ. ಇದು ರಾಷ್ಟ್ರೀಯ ಮಹತ್ವದ ಸ್ಮಾರಕ, ಹಾನಿ ಮಾಡಿದವರಿಗೆ ಸೆರೆವಾಸ, ದಂಡ ಎಂದು ಅದರಲ್ಲಿ ಬರೆದಿರುತ್ತದೆ. ಆ ಎಚ್ಚರಿಕೆ ಬೇಕು. ಆದರೆ ಮಕ್ಕಳು ಕೇಳುವುದು ಬೇರೆ: ಇದನ್ನು ಕಟ್ಟಿಸಿದವರು ಯಾರು? ಇಷ್ಟು ನುಣುಪಾಗಿ ಕಂಬ ಕಡೆದದ್ದು ಹೇಗೆ? ಈ ಮೂರ್ತಿಯ ಕೈ ಮುರಿದವರು ಯಾರು? ಶಿಕ್ಷೆ ಎಷ್ಟೆಂದು ಹೇಳುವ ಫಲಕ ಕಥೆ ಏನೆಂದು ಹೇಳುವುದಿಲ್ಲ. ಸಂಗ್ರಹಾಲಯದೊಳಗೆ ಹೋದರೂ ಎಷ್ಟೋ ಕಡೆ ‘ವಿಷ್ಣು, ಸುಮಾರು 12ನೇ ಶತಮಾನ’ ಎಂಬಷ್ಟೇ ಚೀಟಿ. ಯಾವ ಊರಿನ ವಿಷ್ಣು? ಯಾರ ಹೊಲದಲ್ಲಿ ಸಿಕ್ಕ? ಅವನನ್ನು ಪೂಜಿಸುತ್ತಿದ್ದ ಗುಡಿ ಈಗಲೂ ಇದೆಯೇ?

ಪ್ರತಿ ಕಲ್ಲಿನ ಪಕ್ಕದಲ್ಲಿ ಅದು ಬಂದ ಊರಿನ ಹೆಸರಿರಲಿ. ಅದರ ಮೇಲೆ ಏನು ಕೆತ್ತಿದೆ ಎಂಬುದನ್ನು ಮಕ್ಕಳಿಗೂ ತಿಳಿಯುವ ಕನ್ನಡದಲ್ಲಿ ನಾಲ್ಕು ಸಾಲು ಬರೆದಿರಲಿ. ನನ್ನ ಬೇಡಿಕೆ ಇಷ್ಟೇ. ಬರೆದುಕೊಡಬಲ್ಲ ಜನ ನಮ್ಮ ನಾಲ್ಕು ಊರುಗಳಲ್ಲಿ ಇಲ್ಲವೇ? ಹೇಗೆ ಮುಂದುವರಿಯುವುದು ಎಂದು ತಿಳಿದವರು ಹೇಳಿ.

ನಿವೃತ್ತ ಸಂಗ್ರಹಾಲಯ ನೌಕರ

ಅಕ್ಕನವರೇ, ಮೊದಲು ಯಾವುದು ಯಾರ ಕೈಯಲ್ಲಿದೆ ಎಂದು ತಿಳಿದುಕೊಳ್ಳಬೇಕು. ಇಲ್ಲವಾದರೆ ಅರ್ಜಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇರುತ್ತದೆ.

ರಾಷ್ಟ್ರೀಯ ಮಹತ್ವದ ಸ್ಮಾರಕಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಸೇರಿವೆ. ಅವುಗಳಿಗೆ 1958ರ ಕೇಂದ್ರ ಕಾಯ್ದೆ ಅನ್ವಯಿಸುತ್ತದೆ. ನಮ್ಮ ಭಾಗಕ್ಕೆ ಆ ಇಲಾಖೆಯ ವೃತ್ತ ಕಚೇರಿ ಧಾರವಾಡದಲ್ಲಿದೆ. ರಾಜ್ಯ ಸರ್ಕಾರ ರಕ್ಷಿಸಿರುವ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ. ಅವುಗಳನ್ನು ನೋಡಿಕೊಳ್ಳುವುದು ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಪೂಜೆ ನಡೆಯುವ ಗುಡಿಗಳಲ್ಲಿ ಎಷ್ಟೋ ಕಡೆ ಮುಜರಾಯಿ ಇಲಾಖೆಯೂ ಇರುತ್ತದೆ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಸಂಗ್ರಹ ವಿಶ್ವವಿದ್ಯಾಲಯದ್ದು, ಹುಬ್ಬಳ್ಳಿಯ ರೈಲು ಸಂಗ್ರಹಾಲಯ ರೈಲ್ವೆಯದ್ದು, ಬೇಂದ್ರೆ, ಮನ್ಸೂರರಂಥವರ ಸ್ಮಾರಕಗಳು ಟ್ರಸ್ಟುಗಳ ಕೈಯಲ್ಲಿವೆ. ನೋಡುವವರಿಗೆ ಎಲ್ಲವೂ ‘ಸರ್ಕಾರದ್ದು’. ಆದರೆ ಒಬ್ಬರ ಆದೇಶ ಇನ್ನೊಬ್ಬರಿಗೆ ತಾಗುವುದಿಲ್ಲ.

ಊರಿನ ಹೆಸರಿನ ಬಗ್ಗೆ ಹೇಳುತ್ತೇನೆ. ಸಂಗ್ರಹಾಲಯಕ್ಕೆ ಬಂದ ಪ್ರತಿ ವಸ್ತುವಿಗೂ ದಾಖಲೆ ಪುಸ್ತಕದಲ್ಲಿ ಒಂದು ಸಂಖ್ಯೆ ಬೀಳುತ್ತದೆ. ಕಲ್ಲಾದರೆ ಹಿಂಬದಿಯಲ್ಲೋ ತಳದಲ್ಲೋ ಬಣ್ಣದಲ್ಲಿ ಆ ಸಂಖ್ಯೆ ಬರೆಯುತ್ತೇವೆ. ಪುಸ್ತಕದಲ್ಲಿ ಅಳತೆ, ಶಿಲೆಯ ಜಾತಿ, ಒಡೆದ ಭಾಗ, ಬಂದ ದಾರಿ ಎಲ್ಲಕ್ಕೂ ಅಂಕಣಗಳಿರುತ್ತವೆ. ದೊರೆತ ಸ್ಥಳಕ್ಕೂ ಒಂದು ಅಂಕಣ ಇದ್ದೇ ಇರುತ್ತದೆ. ಅಂದರೆ ನೀವು ಕೇಳುವ ಊರು ಬಹುಪಾಲು ಪುಸ್ತಕದಲ್ಲಿ ಭದ್ರವಾಗಿದೆ. ಚೀಟಿಗೆ ಇಳಿದಿಲ್ಲ, ಅಷ್ಟೇ. ಹೊಸ ಸಂಶೋಧನೆ ಬೇಕಾಗಿಲ್ಲ, ಪುಸ್ತಕ ತೆರೆದು ನಕಲು ಮಾಡಲು ಕುಳಿತುಕೊಳ್ಳುವ ಜನ ಬೇಕು.

ಲಕ್ಕುಂಡಿಯವನು

ಊರಿನ ಹೆಸರು ಚೀಟಿಯಲ್ಲಿ ಬರೆಯಿರಿ ಎನ್ನುತ್ತಿದ್ದೀರಿ, ಸಂತೋಷ. ನನ್ನ ಪ್ರಶ್ನೆ ಅದಕ್ಕೂ ಹಿಂದಿನದು. ಊರಿನ ಕಲ್ಲು ಊರಲ್ಲೇ ಏಕೆ ಇರಬಾರದು? ನೂರೊಂದು ಗುಡಿ, ನೂರೊಂದು ಬಾವಿ ಎಂದು ನಮ್ಮ ಊರನ್ನು ಹಿರಿಯರು ಹೊಗಳುತ್ತಾ ಬಂದಿದ್ದಾರೆ. ಇಲ್ಲಿ ಹಿತ್ತಲು ಅಗೆದರೆ ಕಂಬದ ತುಂಡು, ಹೊಲ ಉತ್ತರೆ ಕೆತ್ತಿದ ಕಲ್ಲು. ನಮ್ಮಲ್ಲಿ ಸಂಗ್ರಹಾಲಯವಿದೆ ಎಂಬುದು ಪುಣ್ಯ. ಹಾಗಿಲ್ಲದ ಹಳ್ಳಿಗಳ ಕಲ್ಲುಗಳು ಹೋದವೆಂದರೆ ಹೋದವು, ಆ ಊರಿನವರು ಮತ್ತೆ ಅವನ್ನು ನೋಡುವುದಿಲ್ಲ.

ಇನ್ನೊಂದು ನೋವು. ಗುಡಿಯ ಪಕ್ಕದ ಮನೆ ಎಂದು ಪ್ರವಾಸಿಗರು ನಮ್ಮನ್ನು ಭಾಗ್ಯವಂತರೆನ್ನುತ್ತಾರೆ. ನೂರು ಮೀಟರಿನೊಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ, ಆಚೆಗಿನ ಇನ್ನೂರು ಮೀಟರಿನಲ್ಲಿ ಅನುಮತಿಯಿಲ್ಲದೆ ಕಟ್ಟುವಂತಿಲ್ಲ. ಮಗನ ಮದುವೆಯಾದರೆ ಮೇಲೆ ಒಂದು ಕೋಣೆ ಏರಿಸಲಾಗದು. ಬಿರುಕು ಬಿಟ್ಟ ಗೋಡೆಗೆ ಕೈ ಹಚ್ಚಲೂ ಜನ ಹೆದರುತ್ತಾರೆ. ಸ್ಮಾರಕವನ್ನು ಉಳಿಸಿಕೊಂಡು ಬಂದವರು ನಾವು. ಕಾನೂನು ನಮ್ಮನ್ನೇ ಸಂಶಯದಿಂದ ನೋಡಿದರೆ ಪ್ರೀತಿ ಎಷ್ಟು ದಿನ ಉಳಿದೀತು?

ನಿವೃತ್ತ ಸಂಗ್ರಹಾಲಯ ನೌಕರ

ತಮ್ಮಾ, ನಿನ್ನ ನೋವು ನಿಜ. ಆ ನೂರು, ಇನ್ನೂರು ಮೀಟರಿನ ಗೆರೆಗೆ 2010ರ ತಿದ್ದುಪಡಿ ಕಾಯ್ದೆಯ ಬಲವನ್ನೇ ಕೊಟ್ಟಿತು. ಆದರೆ ಅದೇ ಕಾಯ್ದೆಯಲ್ಲಿ ನಿಮಗೆ ಅನುಕೂಲವಾದ ಮಾತುಗಳೂ ಇವೆ, ಅವನ್ನು ಯಾರೂ ಊರಿನವರಿಗೆ ಓದಿ ಹೇಳುವುದಿಲ್ಲ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯಾದರೆ ದುರಸ್ತಿಗೆ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕುವ ಹಕ್ಕು ನಿಮಗಿದೆ. ಮನೆಯ ಹಳೆಯ ಉತಾರ, ಕರ ಕಟ್ಟಿದ ರಸೀದಿ ಜೋಪಾನ ಮಾಡಿಡು.

ಇನ್ನೂ ಮುಖ್ಯವಾದದ್ದು: ಚರಂಡಿ, ಸಾರ್ವಜನಿಕ ಶೌಚಾಲಯ, ಜನರಿಗೆ ನೀರು, ವಿದ್ಯುತ್ ಒದಗಿಸುವ ಕೆಲಸಗಳನ್ನು ಆ ಕಾಯ್ದೆ ‘ನಿರ್ಮಾಣ’ ಎಂದು ಎಣಿಸುವುದಿಲ್ಲ. ಸ್ಮಾರಕವಿದೆ, ಅದಕ್ಕೇ ಚರಂಡಿ ಮಾಡಲಾಗದು ಎಂದು ಯಾರಾದರೂ ಕೈ ತೊಳೆದುಕೊಂಡರೆ ಈ ವ್ಯಾಖ್ಯೆಯನ್ನು ಮುಂದಿಡಿ.

ಕಲ್ಲು ಊರಲ್ಲೇ ಇರಲಿ ಎಂಬುದಕ್ಕೆ ನನ್ನ ಮನಸ್ಸೂ ಒಪ್ಪುತ್ತದೆ. ಆದರೆ ನೌಕರಿಯಲ್ಲಿದ್ದಾಗ ಹಿತ್ತಲಿನ ಕಲ್ಲುಗಳು ಬಟ್ಟೆ ಒಗೆಯುವ ಹಾಸುಗಲ್ಲಾದದ್ದನ್ನು, ಚಿಕ್ಕ ಮೂರ್ತಿಗಳು ರಾತ್ರೋರಾತ್ರಿ ಮಾಯವಾದದ್ದನ್ನು ಕಂಡಿದ್ದೇನೆ. ಬಾಗಿಲು, ಬೀಗ, ಕಾವಲುಗಾರ ಇಲ್ಲದ ಕಡೆ ಬಿಡುವುದಕ್ಕೆ ನಾನು ಸಹಿ ಹಾಕಲಾರೆ.

ಧಾರವಾಡದ ಶಾಸನ ವಿದ್ಯಾರ್ಥಿ

ಇಬ್ಬರ ಮಾತಿಗೂ ನಡುವೆ ದಾರಿಯಿದೆ. ಕಲ್ಲು ಸಂಗ್ರಹಾಲಯದಲ್ಲಿರಲಿ, ಅದು ಬಂದ ಊರಿನ ಪಂಚಾಯಿತಿಯಲ್ಲೋ ಶಾಲೆಯಲ್ಲೋ ಅದರ ದೊಡ್ಡ ಛಾಯಾಚಿತ್ರ ಮತ್ತು ಶಾಸನದ ಪಾಠ ಇರಲಿ. ಊರಿನ ಮಕ್ಕಳಿಗೆ ತಮ್ಮ ಕಲ್ಲು ಎಲ್ಲಿದೆ ಎಂದು ಗೊತ್ತಿರುತ್ತದೆ.

ಬರೆಯಲು ಸಾಮಗ್ರಿಯ ಕೊರತೆ ಎಂಬ ಮಾತನ್ನು ಯಾರೂ ಆಡಬಾರದು. ನಮ್ಮ ಜಿಲ್ಲೆಗಳ ಶಾಸನಗಳನ್ನು ಓದುವ ಕೆಲಸ 19ನೇ ಶತಮಾನದಲ್ಲೇ ಶುರುವಾಯಿತು, ಬ್ರಿಟಿಷ್ ಅಧಿಕಾರಿ ಫ್ಲೀಟ್ ಓದಿ ಪ್ರಕಟಿಸಿದವೇ ಎಷ್ಟೋ ಇವೆ. ಆಮೇಲೆ ದಕ್ಷಿಣ ಭಾರತದ ಶಾಸನಗಳ ಮಾಲೆಯಲ್ಲಿ ಬಾಂಬೆ ಕರ್ನಾಟಕದ ಶಾಸನಗಳಿಗೇ ಪ್ರತ್ಯೇಕ ಸಂಪುಟಗಳು ಬಂದವು. ಪುರಾತತ್ತ್ವಜ್ಞ ಕಸಿನ್ಸ್ 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದ, ಲಕ್ಕುಂಡಿಯ ಗುಡಿಗಳ ನಕ್ಷೆಗಳು ಅದರಲ್ಲಿವೆ. ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಇದೇ ನೆಲದಲ್ಲಿ ಕೆಲಸ ಮಾಡಿದೆ. ಇಷ್ಟೆಲ್ಲ ವಿದ್ವತ್ತು ಗ್ರಂಥಾಲಯದ ಕಪಾಟಿನಲ್ಲಿದೆ, ಅರ್ಧ ತಾಸಿನ ದಾರಿಯಲ್ಲಿರುವ ಗುಡಿಯ ಬಾಗಿಲಿಗೆ ಬಂದಿಲ್ಲ. ನನಗೆ ಇದು ಸಿಟ್ಟು ಬರಿಸುವ ಸಂಗತಿ.

ಒಂದೇ ಉದಾಹರಣೆ ಕೊಡುತ್ತೇನೆ. ಲಕ್ಕುಂಡಿಯ ಬ್ರಹ್ಮ ಜಿನಾಲಯದ ಮುಂದೆ ನಿಂತವರಿಗೆ ಇಷ್ಟು ಹೇಳಿದರೆ ಸಾಕು: ಇದನ್ನು ಕಟ್ಟಿಸಿದ್ದು ಅತ್ತಿಮಬ್ಬೆ ಎಂಬ ಹೆಣ್ಣುಮಗಳು, ಕಾಲ 1007. ಚಿಕ್ಕ ವಯಸ್ಸಿನಲ್ಲೇ ಗಂಡ ನಾಗದೇವನನ್ನು ಕಳೆದುಕೊಂಡವಳು. ಪೊನ್ನನ ಶಾಂತಿಪುರಾಣ ಅಳಿದುಹೋಗದಿರಲಿ ಎಂದು ಓಲೆಗರಿಯಲ್ಲಿ ಸಾವಿರ ಪ್ರತಿ ಬರೆಯಿಸಿ ಹಂಚಿದವಳು. ರನ್ನ ತನ್ನ ಅಜಿತಪುರಾಣವನ್ನು 993ರಲ್ಲಿ ಬರೆದದ್ದು ಅವಳ ಆಶ್ರಯದಲ್ಲಿ. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿಯಿದೆ, ನೋಡಿ. ಹೀಗೆಂದು ಬರೆದ ಫಲಕದ ಮುಂದೆ ಒಬ್ಬ ಹುಡುಗಿ ನಿಂತರೆ ಅವಳು ಗುಡಿಯನ್ನು ನೋಡುವ ಬಗೆಯೇ ಬೇರೆಯಾಗುತ್ತದೆ.

ಗದಗಿನ ಪುಸ್ತಕದಂಗಡಿ

ಹೊರಗಿನಿಂದ ಬರುವವರಿಗೆ ಒಂದು ಮಾತು: ಲಕ್ಕುಂಡಿಯಂಥ ಸರ್ವೇಕ್ಷಣ ಇಲಾಖೆಯ ಸ್ಥಳ ಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಗುಡಿಗಳು ತೆರೆದಿರುತ್ತವೆ, ಸಂಗ್ರಹಾಲಯ ಮುಚ್ಚಿರುತ್ತದೆ.

ಹಾವೇರಿಯ ಓದುಗಿತ್ತಿ

ಫಲಕ ಬೇಕು ಎಂಬುದಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ರಾಜರು, ದಂಡನಾಯಕರ ಹೆಸರುಗಳಿಂದ ಫಲಕ ತುಂಬಿಸಬೇಡಿ.

ನಮ್ಮ ಊರಿನ ಪುರಸಿದ್ಧೇಶ್ವರ ಗುಡಿಯನ್ನೇ ನೋಡಿ. ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಚಾಲುಕ್ಯರ ಕಾಲದ ಗುಡಿಗಳು ಸಾಮಾನ್ಯವಾಗಿ ಪೂರ್ವಕ್ಕಿರುತ್ತವೆ, ಹಾಗಾದರೆ ಇದೇಕೆ ಹೀಗೆ ಎಂದು ಜನ ಕೇಳುತ್ತಾರೆ. ಆ ಪ್ರಶ್ನೆಯನ್ನೇ ಫಲಕದಲ್ಲಿ ಬರೆಯಿರಿ, ನೋಡುವವರು ಗುಡಿಯನ್ನು ಸುತ್ತು ಹಾಕಿ ಯೋಚಿಸಲಿ.

ಜೊತೆಗೆ ಐತಿಹಾಸಿಕ ಸ್ಥಳವೆಂದರೆ ಬರಿಯ ಹಳೆಯ ಕಲ್ಲು ಎಂಬಂತೆ ಇಲ್ಲಿ ಮಾತು ನಡೆಯುತ್ತಿದೆ. ಮೋಟೆಬೆನ್ನೂರಿನ ಮೈಲಾರ ಮಹದೇವಪ್ಪನವರು 1930ರಲ್ಲಿ ಗಾಂಧೀಜಿಯ ಜೊತೆ ದಂಡಿಗೆ ನಡೆದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಜೊತೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಕೂಡ ಪ್ರಾಣ ಕೊಟ್ಟರು. ಎಲ್ಲ ಕಡೆ ಮೊದಲ ಹೆಸರು ದೊಡ್ಡದಾಗಿ ಇರುತ್ತದೆ, ಉಳಿದ ಎರಡನ್ನು ಹುಡುಕಬೇಕಾಗುತ್ತದೆ. ಜೊತೆಗೆ ಸತ್ತವರ ಹೆಸರನ್ನು ಅದೇ ಅಳತೆಯ ಅಕ್ಷರದಲ್ಲಿ ಬರೆಯಬೇಕು. ನಾನು ಈ ಚರ್ಚೆಗೆ ಬಂದದ್ದೇ ಇದನ್ನು ಹೇಳಲು.

ಬೆಟಗೇರಿಯ ಶಿಕ್ಷಕಿ

ತಂಗೀ, ಇದನ್ನು ನೀನು ಹೇಳಿದ್ದು ಬಹಳ ಒಳ್ಳೆಯದಾಯಿತು. ವೀರಗಲ್ಲುಗಳ ಕಥೆಯೂ ಹೀಗೆಯೇ. ಊರಿನ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರ ಬೆನ್ನಟ್ಟಿ ಸತ್ತವರಲ್ಲಿ ಎಷ್ಟೋ ಜನ ದೊರೆಗಳಲ್ಲ. ಅವರಿಗಾಗಿ ಕಲ್ಲು ನಿಲ್ಲಿಸುವಷ್ಟು ಕೃತಜ್ಞತೆ ಆಗಿನ ಊರಿಗಿತ್ತು.

ಹುಬ್ಬಳ್ಳಿಯ ರೈಲ್ವೆ ಪಿಂಚಣಿದಾರ

ಕಲ್ಲಿನವರ ನಡುವೆ ಕಬ್ಬಿಣದವನು ಬಂದಿದ್ದೇನೆ. ಹುಬ್ಬಳ್ಳಿಯಲ್ಲಿ ಗದಗ ರಸ್ತೆಯ ಕಡೆ ರೈಲು ಸಂಗ್ರಹಾಲಯ 2020ರಲ್ಲಿ ತೆರೆಯಿತು. ಮಲಪ್ರಭಾ, ಘಟಪ್ರಭಾ ಎಂಬ ಎರಡು ಹಳೆಯ ಕಲ್ಲುಕಟ್ಟಡಗಳನ್ನು ಕೆಡವದೆ ಅವುಗಳಲ್ಲೇ ಸಂಗ್ರಹ ಇಟ್ಟಿದ್ದಾರೆ, ಇದಕ್ಕೆ ಮೆಚ್ಚುಗೆ ಹೇಳಲೇಬೇಕು. ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ, ಎಂದರೆ 1880ರ ದಶಕದಿಂದ, ಈ ಊರು ರೈಲಿನ ಊರು. ವರ್ಕ್‌ಶಾಪಿನ ಭೋಂಗಾ ಕೇಳಿ ಗಡಿಯಾರ ಹೊಂದಿಸಿಕೊಂಡ ಮನೆಗಳು ಇಲ್ಲಿ ಎಷ್ಟೋ.

ಯಂತ್ರದ ಹೆಸರು, ತಯಾರಾದ ಊರು, ವರ್ಷ ಬರೆದರೆ ಫಲಕ ಮುಗಿಯಿತು ಎಂದು ತಿಳಿಯಬಾರದು. ಅದನ್ನು ಹೇಗೆ ಬಳಸುತ್ತಿದ್ದರು ಎಂದು ಹೇಳಬೇಕು. ಒಂಟಿ ಹಳಿಯ ದಾರಿಯಲ್ಲಿ ಟೋಕನ್ ಎಂಬ ಲೋಹದ ಗುಂಡು ಇರುತ್ತಿತ್ತು. ಎರಡು ನಿಲ್ದಾಣಗಳ ನಡುವಣ ಹಳಿಗೆ ಅದೇ ಅಪ್ಪಣೆ. ಅದು ಕೈಗೆ ಬರದೆ ಚಾಲಕ ಗಾಡಿ ಮುಂದಕ್ಕೆ ಬಿಡುವಂತಿಲ್ಲ. ಒಂದು ನಿಲ್ದಾಣದ ಯಂತ್ರದಿಂದ ಗುಂಡು ಹೊರಬಂದಿತೆಂದರೆ, ಅದು ಮುಂದಿನ ನಿಲ್ದಾಣದ ಯಂತ್ರದೊಳಗೆ ಬೀಳುವವರೆಗೆ ಎರಡೂ ಕಡೆ ಇನ್ನೊಂದು ಗುಂಡು ಹೊರಬರುತ್ತಿರಲಿಲ್ಲ. ನಿಲ್ಲದೆ ಹೋಗುವ ಗಾಡಿಗೆ ಬೆತ್ತದ ದೊಡ್ಡ ಬಳೆಗೆ ಚೀಲ ಕಟ್ಟಿ, ಚೀಲದಲ್ಲಿ ಗುಂಡು ಇಟ್ಟು, ರಾತ್ರಿಯಾದರೆ ಪಂಜಿನ ಬೆಳಕಿನಲ್ಲಿ, ಪ್ಲಾಟ್‌ಫಾರಂ ಅಂಚಿನಲ್ಲಿ ಕೈ ಎತ್ತಿ ಹಿಡಿದು ನಿಲ್ಲಬೇಕು. ಎಂಜಿನ್ನಿನಲ್ಲಿದ್ದವನು ತೋಳು ಚಾಚಿ ಬಳೆಯನ್ನು ಸೆಳೆದುಕೊಳ್ಳುತ್ತಾನೆ, ಹಿಂದಿನದನ್ನು ಎಸೆಯುತ್ತಾನೆ. ಮೊಣಕೈಗೆ ಪೆಟ್ಟು ತಿನ್ನದವರು ನಮ್ಮಲ್ಲಿ ಕಡಿಮೆ. ಒಂದು ಗುಂಡು ಸಾವಿರ ಪ್ರಯಾಣಿಕರ ಜೀವ ಕಾಯುತ್ತಿತ್ತು ಎಂದು ಹೇಳದೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಅದು ತೂಕದ ಬಟ್ಟಿನಂತೆ ಕಾಣುತ್ತದೆ.

ಇದನ್ನು ಹೇಳಬಲ್ಲವರು ಇನ್ನೂ ಇದ್ದಾರೆ. ಕೇಶ್ವಾಪುರದಲ್ಲಿ, ಗದಗ ರಸ್ತೆಯ ಕ್ವಾರ್ಟರ್ಸ್ ಸುತ್ತ ಸಂಜೆ ಕಟ್ಟೆಯ ಮೇಲೆ ಕೂತಿರುತ್ತಾರೆ. ಅವರ ಮಾತನ್ನು ಈಗಲೇ ಬರೆದುಕೊಳ್ಳಬೇಕು. ಕಲ್ಲು ಇನ್ನೂ ಐನೂರು ವರ್ಷ ಕಾಯುತ್ತದೆ, ನಾವು ಕಾಯುವುದಿಲ್ಲ.

ಲಕ್ಕುಂಡಿಯವನು

ಹಿರಿಯರೇ, ಓದಿ ಮೈ ಜುಮ್ಮೆಂದಿತು. ನಮ್ಮ ಕಡೆಯ ಕಂಬಗಳನ್ನು ಹೇಗೆ ಕಡೆದರೆಂದು ಹೀಗೆ ಹೇಳುವವರು ಬೇಕು. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆದುವಾಗಿರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಅದಕ್ಕೇ ನನ್ನೇಶ್ವರ ಗುಡಿಯ ಕಂಬಗಳನ್ನು ತಿರುಗಣಿಯ ಮೇಲೆ ಕಡೆಯಲು ಸಾಧ್ಯವಾಯಿತು ಎಂದು ನಮ್ಮೂರ ಕಾವಲುಗಾರ ಹೇಳಿದ್ದು ನನಗೆ ಇಂದಿಗೂ ನೆನಪಿದೆ. ಅವನಿಗಿದ್ದ ತಿಳಿವಳಿಕೆಯ ಹತ್ತರಲ್ಲಿ ಒಂದು ಪಾಲು ಫಲಕದಲ್ಲಿಲ್ಲ.

ತ್ರಿಕೂಟೇಶ್ವರದ ಭಕ್ತೆ

ನಾನು ಓದುತ್ತಾ ಇದ್ದೆ, ಈಗ ಮಾತನಾಡಬೇಕೆನಿಸಿತು. ನಿಮಗೆಲ್ಲ ಅದು ಸ್ಮಾರಕ, ನಮಗೆ ದೇವರು. ಒಂದೇ ಪೀಠದ ಮೇಲೆ ಮೂರು ಲಿಂಗಗಳು, ಬ್ರಹ್ಮ, ವಿಷ್ಣು, ಮಹೇಶ್ವರ ಎಂದು ನಮ್ಮತ್ತೆ ಕೈ ಮುಗಿಯಲು ಕಲಿಸಿದರು. ಸೋಮವಾರ ದೀಪ ಹಚ್ಚುವವರನ್ನು ಕಲ್ಲು ಹಾಳು ಮಾಡುವವರೆಂದು ನೋಡಬೇಡಿ. ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸ ಕಂಬಕ್ಕೆ ಒರಗಿ ಭಾರತ ಬರೆದನೆಂದು ಎಲ್ಲರೂ ಹೇಳುತ್ತಾರೆ. ಶಾಸನದಲ್ಲಿ ಇಲ್ಲವೆಂದು ಅದನ್ನೂ ಫಲಕದಿಂದ ಬಿಡುತ್ತೀರಾ?

ಧಾರವಾಡದ ಶಾಸನ ವಿದ್ಯಾರ್ಥಿ

ಶಾಸನದಲ್ಲಿ ಇರುವುದನ್ನು ಶಾಸನವೆಂದು, ಜನ ನಂಬಿರುವುದನ್ನು ನಂಬಿಕೆಯೆಂದು ಬರೆಯಬೇಕು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ತ್ರಿಕೂಟೇಶ್ವರನಿಗೆ ದತ್ತಿ ಬಿಟ್ಟ 1192ರ ಶಾಸನ ಒಂದು ಬಗೆಯ ಸಾಕ್ಷ್ಯ. ಕಂಬಕ್ಕೆ ಒರಗಿದ ಕವಿ ಇನ್ನೊಂದು ಬಗೆಯದು. ಎರಡನ್ನೂ ಬೆರೆಸಿದರೆ ಮಾತ್ರ ತಪ್ಪು.

ಬೆಟಗೇರಿಯ ಶಿಕ್ಷಕಿ

ಅಮ್ಮಾ, ಬಿಡುವುದಿಲ್ಲ. ಗದುಗಿನ ಭಾರತವನ್ನು ಊರ ಹೆಸರಿನಿಂದಲೇ ಕರೆಯುವ ನಾಡು ಇದು. ಆ ಕಂಬದ ನೆನಪು ಶತಮಾನಗಳಿಂದ ಉಳಿದಿದೆ ಎಂಬುದೇ ಚರಿತ್ರೆಯ ಸಂಗತಿ. ‘ಹೀಗೆಂದು ಊರಿನವರು ನಂಬುತ್ತಾರೆ’ ಎಂದು ಬರೆದರೆ ನಂಬಿಕೆಗೂ ಗೌರವ, ಮಕ್ಕಳಿಗೂ ಸ್ಪಷ್ಟ. ದೀಪದ ವಿಷಯದಲ್ಲಿ ಮಾತ್ರ ಒಂದು ಕೋರಿಕೆ: ದೀಪಕ್ಕೆಂದು ಇಟ್ಟ ಕಟ್ಟೆಯ ಮೇಲೆ ಹಚ್ಚೋಣ, ಹೊರಗೋಡೆಯ ಮೂರ್ತಿಗಳಿಗೆ ಎಣ್ಣೆ, ಕುಂಕುಮ ಬೇಡ. ಎಣ್ಣೆ ಕುಡಿದ ಕಲ್ಲಿಗೆ ಧೂಳು ಅಂಟಿ ಕೆತ್ತನೆಯ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ.

ತ್ರಿಕೂಟೇಶ್ವರದ ಭಕ್ತೆ

ಅಷ್ಟಾದರೆ ಒಪ್ಪುತ್ತೇನೆ. ನಮ್ಮ ಭಜನಾ ಮಂಡಳಿಯವರಿಗೂ ಹೇಳುತ್ತೇನೆ.

ಗದಗಿನ ಪುಸ್ತಕದಂಗಡಿ

ಇಷ್ಟೆಲ್ಲ ಬರೆಯಲು ಫಲಕದಲ್ಲಿ ಜಾಗ ಎಲ್ಲಿ? ಕ್ಯೂಆರ್ ಕೋಡ್ ಅಂಟಿಸಿದರೆ ಮೊಬೈಲಿನಲ್ಲಿ ಓದಿಕೊಳ್ಳಬಹುದಲ್ಲ.

ಹಾವೇರಿಯ ಓದುಗಿತ್ತಿ

ಅದು ಜೊತೆಗಿರಲಿ, ಅದೊಂದೇ ಸಾಲದು. ಜಾತ್ರೆಗೆ ಬರುವ ಅಜ್ಜಿಗೆ, ಮೊಬೈಲ್ ತರಲು ಬಿಡದ ಶಾಲೆಯ ಮಕ್ಕಳಿಗೆ ಕಣ್ಣೆದುರಿಗೇ ಅಕ್ಷರ ಬೇಕು. ಅಂಧರಿಗೆ ಓದಿ ಕೇಳಿಸುವ ಧ್ವನಿ ಮೊಬೈಲಿನಲ್ಲಿ ಬಂದರೆ ಬಹಳ ಉಪಕಾರ.

ಬೆಟಗೇರಿಯ ಶಿಕ್ಷಕಿ

ಮಾತು ಸಾಕು, ಒಂದು ಕರಡು ಹಾಕುತ್ತೇನೆ. ಮೂರು ಹಂತದ ಒಂದು ವೀರಗಲ್ಲಿಗೆ:

‘ಈ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಿರಿ. ಕೆಳಗೆ ವೀರನು ಹೋರಾಡುತ್ತಿದ್ದಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಅವನು ಶಿವನ ಸನ್ನಿಧಿಯಲ್ಲಿದ್ದಾನೆ, ಪಕ್ಕದಲ್ಲಿ ಲಿಂಗವನ್ನು ಪೂಜಿಸುವವರಿದ್ದಾರೆ. ತುದಿಯ ಸೂರ್ಯ, ಚಂದ್ರರು ಇರುವವರೆಗೆ ಅವನ ಹೆಸರು ಉಳಿಯಲಿ ಎಂದು ಊರಿನವರು ಹಾರೈಸಿದ್ದಾರೆ.’

ತಿದ್ದಿರಿ.

ಧಾರವಾಡದ ಶಾಸನ ವಿದ್ಯಾರ್ಥಿ

ಚೆನ್ನಾಗಿದೆ. ಎರಡು ತಿದ್ದುಪಡಿ. ಶಾಸನವಿರುವ ಕಲ್ಲಾದರೆ ವೀರನ ಹೆಸರನ್ನು ಮೊದಲ ಸಾಲಿನಲ್ಲೇ ಬರೆಯಿರಿ, ‘ವೀರನು’ ಎಂದು ಬಿಡಬೇಡಿ. ದನಗಳ ಸಾಲು ಕೆತ್ತಿದ್ದರೆ ಅದು ತುರುಗೋಳಿನ, ಎಂದರೆ ದನಗಳಿಗಾಗಿ ನಡೆದ ಕಾಳಗದ, ಕಲ್ಲು, ಅದನ್ನು ಬೆರಳಿಟ್ಟು ತೋರಿಸುವಂತೆ ಒಂದು ವಾಕ್ಯ ಸೇರಿಸಿ. ಅಕ್ಷರ ಸವೆದ ಕಡೆ ಊಹಿಸಿ ತುಂಬಬಾರದು, ‘ಹೆಸರು ಸವೆದಿದೆ’ ಎಂದೇ ಬರೆಯಿರಿ. ಶಾಸನಗಳನ್ನು ಪ್ರಕಟಿತ ಪಾಠದೊಂದಿಗೆ ಹೋಲಿಸಿ ನೋಡುವ ಕೆಲಸ ನನ್ನದು.

ನಿವೃತ್ತ ಸಂಗ್ರಹಾಲಯ ನೌಕರ

ಉತ್ಸಾಹದಲ್ಲಿ ಯಾರೂ ಕಾಗದ ಮುದ್ರಿಸಿ ಗೋಡೆಗೆ ಅಂಟಿಸಬೇಡಿ, ಮೊಳೆ ಹೊಡೆಯಬೇಡಿ. ರಕ್ಷಿತ ಸ್ಮಾರಕದಲ್ಲಿ ಅದು ಅಪರಾಧ. ಫಲಕ ಹಾಕುವುದು ಇಲಾಖೆಯ ಕೆಲಸ, ಬರೆದುಕೊಡುವುದು ನಮ್ಮದು. ಪ್ರತಿ ಕಲ್ಲಿಗೂ ಒಂದು ಪುಟ: ಛಾಯಾಚಿತ್ರ, ಊರು, ನಾಲ್ಕು ಸಾಲು, ಆಧಾರ. ಶಾಲೆಯ ಪತ್ರದೊಂದಿಗೆ ಧಾರವಾಡದ ವೃತ್ತ ಕಚೇರಿಗೆ ಕೊಡಿ, ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ರಾಜ್ಯದ ಸ್ಮಾರಕಗಳ ಪುಟಗಳನ್ನು ಬೇರೆ ಕಡತ ಮಾಡಿ ರಾಜ್ಯ ಇಲಾಖೆಗೆ ಕೊಡಿ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ಸಂಗ್ರಹಾಲಯ ದಿನ, ನವೆಂಬರ್ 19ರಿಂದ ಪರಂಪರೆ ಸಪ್ತಾಹ. ಆ ದಿನಗಳಲ್ಲಿ ಏನು ಕಾರ್ಯಕ್ರಮ ಮಾಡುವುದೆಂದು ಅಧಿಕಾರಿಗಳೇ ಹುಡುಕುತ್ತಿರುತ್ತಾರೆ. ಅದಕ್ಕೆ ಎರಡು ತಿಂಗಳು ಮುಂಚೆ ಕಡತ ಅವರ ಮೇಜಿನ ಮೇಲಿರಲಿ.

ಲಕ್ಕುಂಡಿಯವನು

ಮುಸುಕಿನ ಬಾವಿಯ ಪುಟ ನನಗಿರಲಿ. ಮೂರು ಕಡೆಯ ಮೆಟ್ಟಿಲು, ಗೋಡೆಯ ಚಿಕ್ಕ ಗೂಡುಗುಡಿಗಳು, ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು, ಇವನ್ನು ಊರಿನವರೇ ಬರೆಯಬೇಕು. ಕಾಶಿವಿಶ್ವನಾಥ ಗುಡಿಯದೂ ಕೊಡಿ. ಶಿವ ಮತ್ತು ಸೂರ್ಯ ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಇರುವುದನ್ನು ಗಮನಿಸದೆ ಎಷ್ಟೋ ಜನ ಚಿತ್ರ ತೆಗೆದುಕೊಂಡು ಹೋಗಿಬಿಡುತ್ತಾರೆ.

ಹುಬ್ಬಳ್ಳಿಯ ರೈಲ್ವೆ ಪಿಂಚಣಿದಾರ

ಟೋಕನ್, ಕೈದೀಪ, ಸಿಗ್ನಲ್ ಮೂರರ ಪುಟ ನಾನು ಬರೆಯುತ್ತೇನೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಗೆ ಹುಬ್ಬಳ್ಳಿಯವರು ಯಾರಾದರೂ ಕೈ ಎತ್ತಿ. ನಾಲ್ಕೂ ದಿಕ್ಕಿಗೆ ಬಾಗಿಲಿರುವ ಗುಡಿ ಮನೆಗಳ ನಡುವೆ ಇದೆ, ಕೆರೆ ನೋಡಲು ಬರುವ ಜನ ಅಲ್ಲಿಯವರೆಗೆ ಹೋಗುವುದೇ ಇಲ್ಲ.

ಮುಂಡರಗಿ ತಾಲ್ಲೂಕಿನವಳು

ಡಂಬಳ ನನಗೆ. ದೊಡ್ಡಬಸಪ್ಪ ಗುಡಿಯ ನಕ್ಷತ್ರಾಕಾರದ ತಳಪಾಯವನ್ನು ಎಲ್ಲರೂ ಹೇಳುತ್ತಾರೆ. ಅದರ ಜೊತೆಗೆ 1095ರ ಶಾಸನವನ್ನೂ ಸೇರಿಸುತ್ತೇನೆ. ಧರ್ಮವೊಳಲೆಂದು ಕರೆಯುತ್ತಿದ್ದ ಈ ಊರಿನಲ್ಲಿ ಸೆಟ್ಟಿಗಳು ಬುದ್ಧನಿಗೂ ತಾರಾದೇವಿಗೂ ವಿಹಾರ ಕಟ್ಟಿಸಿದ್ದರು. ಊರಿನ ಹಿರಿಯರಲ್ಲಿ ಕೆಲವರಿಗೆ ಇದು ಗೊತ್ತಿದೆ, ಶಾಲೆಯ ಮಕ್ಕಳಿಗೆ ಗೊತ್ತಿಲ್ಲ. ಅಕ್ಕಾ, ಪುಟದ ಅಳತೆ, ಅಕ್ಷರದ ಗಾತ್ರ ತಿಳಿಸಿ. ಛಾಯಾಚಿತ್ರಗಳನ್ನು ಈ ಭಾನುವಾರ ಬೆಳಿಗ್ಗೆ, ಬಿಸಿಲು ಏರುವ ಮೊದಲು ತೆಗೆದು ಕಳಿಸುತ್ತೇನೆ.